ಸಂರಕ್ಷಿತ ಅರಣ್ಯದ ನಿರ್ವಹಣೆಯಲ್ಲಿ ಗ್ರಾಮಸಭೆ: ಹಾಡಿ ಮತ್ತು ಪೋಡುಗಳಿಗೆ ಒಂದು ಮಾರ್ಗದರ್ಶಿ

"ನಮ್ಮ ಹಾಡಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿದೆ. ಈ ಕಾಡನ್ನು ನೋಡಿಕೊಳ್ಳುವ ವಿಷಯದಲ್ಲಿ ನಮ್ಮ ಮಾತಿಗೆ ಕಾನೂನಿನ ಬೆಂಬಲ ಇದೆಯೇ? ಇದ್ದರೆ ಎಲ್ಲಿಂದ ಆರಂಭಿಸಬೇಕು?" ಹಾಡಿ, ಪೋಡು ಎಂದು ಕರೆಯುವ ಕಾಡಿನ ಬುಡಕಟ್ಟು ವಸತಿಗಳ ಓದುಗರು ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆ ಇದು. ಇದನ್ನೇ ಇನ್ನೊಂದು ಕಡೆಯಿಂದ ಕೇಳುವವರೂ ಇದ್ದಾರೆ: ಬುಡಕಟ್ಟು ಜನರನ್ನು ನಿರ್ವಹಣೆಯಲ್ಲಿ ಸೇರಿಸಿಕೊಳ್ಳಬೇಕೆಂಬ ಮನಸ್ಸಿರುವ, ಆದರೆ ಅದಕ್ಕೆ ಸರಿಯಾದ ದಾರಿ ಯಾವುದೆಂದು ತಿಳಿಯದ ಅರಣ್ಯ ಸಿಬ್ಬಂದಿ ಮತ್ತು ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರು. ಇಬ್ಬರಿಗೂ ಉತ್ತರ ಒಂದೇ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಗ್ರಾಮಸಭೆಗೆ ತನ್ನ ಸಾಂಪ್ರದಾಯಿಕ ಎಲ್ಲೆಯೊಳಗಿನ ಕಾಡನ್ನು ರಕ್ಷಿಸುವ, ಪುನರುಜ್ಜೀವನಗೊಳಿಸುವ ಮತ್ತು ನಿರ್ವಹಿಸುವ ಹಕ್ಕು ಇದೆ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳು ಈ ಹಕ್ಕಿನ ವ್ಯಾಪ್ತಿಯೊಳಗೇ ಬರುತ್ತವೆ ಎಂದು ಕಾಯ್ದೆಯ 2ನೇ ಪ್ರಕರಣ ಸ್ಪಷ್ಟ ಮಾತುಗಳಲ್ಲಿ ಹೇಳುತ್ತದೆ.

ಇದು ಕಾಗದದ ಮೇಲಷ್ಟೇ ಇರುವ ಮಾತೆಂದು ಅನುಮಾನಿಸುವವರು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವನ್ನು ನೋಡಬಹುದು. 1974ರಲ್ಲಿ ಅಭಯಾರಣ್ಯವಾದ ಈ ಪ್ರದೇಶ 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿನ ಸೋಲಿಗ ಬುಡಕಟ್ಟಿನವರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ದೊರೆಯಿತು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂತಹ ಹಕ್ಕು ಮಾನ್ಯವಾದದ್ದು ಅದೇ ಮೊದಲು. ಆದರೆ ಹಕ್ಕುಪತ್ರ ಕೈಸೇರಿದ ಮಾತ್ರಕ್ಕೆ ನಿರ್ವಹಣೆ ತಾನಾಗಿ ಗ್ರಾಮಸಭೆಯ ಕೈಗೆ ಬರುವುದಿಲ್ಲ. ಗ್ರಾಮಸಭೆ ತನ್ನದೇ ನಕ್ಷೆ, ತನ್ನದೇ ನಿಯಮ ಮತ್ತು ತನ್ನದೇ ಲೆಕ್ಕಪುಸ್ತಕವನ್ನು ಇಟ್ಟುಕೊಳ್ಳದಿದ್ದರೆ ಆ ಹಕ್ಕು ಕಡತದಲ್ಲೇ ಉಳಿಯುತ್ತದೆ. ಆದ್ದರಿಂದ ಈ ಲೇಖನದಲ್ಲಿ ಅರ್ಜಿಗಿಂತ ಹೆಚ್ಚಿನ ಜಾಗವನ್ನು ಅರ್ಜಿಯ ಹಿಂದಿನ ಮತ್ತು ಮುಂದಿನ ಕೆಲಸಕ್ಕೆ ಕೊಟ್ಟಿದ್ದೇನೆ.

ಮೊದಲು ತಿಳಿದಿರಬೇಕಾದ ಕೆಲವು ಮಾತುಗಳು

ಸಮುದಾಯ ಅರಣ್ಯ ಸಂಪನ್ಮೂಲ ಎಂದರೆ ಒಂದು ಊರಿನವರು ಹಿಂದಿನಿಂದ ಬಳಸಿಕೊಂಡು, ಕಾಪಾಡಿಕೊಂಡು ಬಂದಿರುವ, ಅವರ ರೂಢಿಯ ಎಲ್ಲೆಯೊಳಗಿನ ಕಾಡು. ಇದರ ನಿರ್ವಹಣೆಯ ಹಕ್ಕನ್ನು ಕಾಯ್ದೆಯ 3(1)(ಐ) ಪ್ರಕರಣ ನೀಡುತ್ತದೆ. ಸಾಗುವಳಿ ಜಮೀನಿನ ವೈಯಕ್ತಿಕ ಹಕ್ಕಿಗೆ 4 ಹೆಕ್ಟೇರಿನ ಮಿತಿ ಇದೆ. ಸಮುದಾಯ ಹಕ್ಕಿಗೆ ಅಂತಹ ಮಿತಿ ಇಲ್ಲ. ಕಿರು ಅರಣ್ಯ ಉತ್ಪನ್ನ ಎಂದರೆ ಜೇನು, ಮೇಣ, ನೆಲ್ಲಿ, ಸೀಗೆ, ಅಂಟುವಾಳ, ಬಿದಿರು, ಗೆಡ್ಡೆಗೆಣಸು, ಔಷಧೀಯ ಸಸ್ಯಗಳಂತಹ ಸಸ್ಯಮೂಲದ ಮತ್ತು ಅವುಗಳ ಜೊತೆಗೆ ಬರುವ ಉತ್ಪನ್ನಗಳು. ಮರಮುಟ್ಟು ಇದರಲ್ಲಿ ಸೇರುವುದಿಲ್ಲ. ಬೇಟೆಯನ್ನು ಕಾಯ್ದೆ ಸಂಪೂರ್ಣವಾಗಿ ಹೊರಗಿಟ್ಟಿದೆ. ಈ ವಿಷಯದಲ್ಲಿ ಮೊದಲ ದಿನದಿಂದಲೇ ಯಾರಿಗೂ ಗೊಂದಲ ಇರಬಾರದು.

ಗೊಂದಲವಾಗುವ ಇನ್ನೊಂದು ವಿಷಯವೂ ಇದೆ. ಅರಣ್ಯ ಇಲಾಖೆಯ ಆದೇಶದ ಮೇಲೆ ರಚನೆಯಾಗುವ ಗ್ರಾಮ ಅರಣ್ಯ ಸಮಿತಿ ಮತ್ತು ಪರಿಸರ ಅಭಿವೃದ್ಧಿ ಸಮಿತಿಗಳಲ್ಲಿ ಇಲಾಖೆಯ ಸಿಬ್ಬಂದಿಯೇ ಕಾರ್ಯದರ್ಶಿಯಾಗಿರುವುದು ಸಾಮಾನ್ಯ. ಅವು ಯೋಜನೆಯ ಹಣ ಇರುವವರೆಗೆ ನಡೆಯುವ ವ್ಯವಸ್ಥೆಗಳು. ಇಲ್ಲಿ ನಾವು ಮಾತನಾಡುತ್ತಿರುವುದು ಕಾನೂನಿನಿಂದಲೇ ಅಧಿಕಾರ ಪಡೆದ, ಗ್ರಾಮಸಭೆಗೆ ಮಾತ್ರ ಉತ್ತರ ಕೊಡಬೇಕಾದ ಸಮಿತಿಯ ಬಗ್ಗೆ. "ನಿಮ್ಮಲ್ಲಿ ಈಗಾಗಲೇ ಸಮಿತಿ ಇದೆಯಲ್ಲ" ಎಂದು ಯಾರಾದರೂ ಹೇಳಿದರೆ ಅದು ಯಾವ ಸಮಿತಿ ಎಂದು ಕೇಳಿ ತಿಳಿದುಕೊಳ್ಳಿ.

ಹಂತ 1: ಹಾಡಿಯ ಮಟ್ಟದಲ್ಲೇ ಗ್ರಾಮಸಭೆ ಸೇರಿಸಿ

ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ (ಬುಡಕಟ್ಟು ಪ್ರದೇಶಗಳ ವಿಶೇಷ ಆಡಳಿತಕ್ಕೆ ಸಂಬಂಧಿಸಿದ) ಪ್ರದೇಶಗಳಿಲ್ಲ. ಹೀಗಾಗಿ ಆ ಪ್ರದೇಶಗಳ ಪಂಚಾಯತಿ ಕಾನೂನು ನಮಗೆ ಅನ್ವಯಿಸುವುದಿಲ್ಲ. ಆದರೆ ಅರಣ್ಯ ಹಕ್ಕು ಕಾಯ್ದೆಯು ಹಳ್ಳಿ ಎಂಬುದಕ್ಕೆ ಕೊಟ್ಟಿರುವ ವ್ಯಾಖ್ಯೆಯಲ್ಲಿ ಅರಣ್ಯ ಗ್ರಾಮಗಳು, ಹಳೆಯ ವಾಸಸ್ಥಳಗಳು ಮತ್ತು ಸರ್ವೇ ಆಗದ ಜನವಸತಿಗಳೂ ಸೇರಿವೆ. ಕಂದಾಯ ದಾಖಲೆಯಲ್ಲಿ ಹೆಸರಿಲ್ಲದ ಪೋಡು ಅಥವಾ ಹಾಡಿಯೂ ತನ್ನದೇ ಗ್ರಾಮಸಭೆ ನಡೆಸಲು ಇದೇ ಆಧಾರ. ಸಭೆ ಕರೆಯುವುದು ಗ್ರಾಮ ಪಂಚಾಯತಿಯ ಹೊಣೆ, ಆದ್ದರಿಂದ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.

ಇಡೀ ಪಂಚಾಯತಿಗೆ ಸೇರಿದ ಒಂದೇ ಸಭೆಯಲ್ಲಿ ಈ ಕೆಲಸ ಮುಗಿಸಲು ಒಪ್ಪಿಕೊಳ್ಳುವುದು ಅತಿ ಸಾಮಾನ್ಯವಾದ ಮತ್ತು ಅತಿ ದುಬಾರಿಯಾದ ತಪ್ಪು. ಕಾಡಿನಂಚಿನ ದೊಡ್ಡ ಊರುಗಳ ನೂರಾರು ಜನರ ನಡುವೆ ಮೂವತ್ತು ಮನೆಗಳ ಹಾಡಿಯ ದನಿ ಕೇಳಿಸುವುದಿಲ್ಲ.

ಸಭೆಯಲ್ಲಿ 10ರಿಂದ 15 ಸದಸ್ಯರ ಅರಣ್ಯ ಹಕ್ಕು ಸಮಿತಿಯನ್ನು ಆರಿಸಬೇಕು. ಅದರಲ್ಲಿ ಕನಿಷ್ಠ ಮೂರನೇ ಎರಡರಷ್ಟು ಜನ ಪರಿಶಿಷ್ಟ ಪಂಗಡದವರು, ಕನಿಷ್ಠ ಮೂರನೇ ಒಂದರಷ್ಟು ಜನ ಮಹಿಳೆಯರು ಇರಬೇಕು. 2012ರ ತಿದ್ದುಪಡಿಯಾದ ನಿಯಮಗಳ ಪ್ರಕಾರ ಕೋರಂ ಆಗಲು ಗ್ರಾಮಸಭೆಯ ಒಟ್ಟು ವಯಸ್ಕ ಸದಸ್ಯರಲ್ಲಿ ಅರ್ಧದಷ್ಟು ಮಂದಿ ಹಾಜರಿರಬೇಕು ಮತ್ತು ಹಾಜರಿದ್ದವರಲ್ಲಿ ಮೂರನೇ ಒಂದರಷ್ಟು ಮಹಿಳೆಯರಿರಬೇಕು. ಕಾಫಿ ತೋಟಗಳ ಕೂಲಿಗೆ ಜನ ಹೊರಗೆ ಹೋಗುವ ತಿಂಗಳಲ್ಲಿ ಸಭೆ ಇಟ್ಟರೆ ಕೋರಂ ಆಗುವುದಿಲ್ಲ. ಕೋರಂ ಇಲ್ಲದ ಸಭೆಯ ನಿರ್ಣಯವನ್ನು ಮುಂದೆ ಯಾರು ಬೇಕಾದರೂ ಪ್ರಶ್ನಿಸಬಹುದು. ನಡಾವಳಿ ಪುಸ್ತಕದಲ್ಲಿ ಪ್ರತಿಯೊಬ್ಬರ ಸಹಿ ಅಥವಾ ಹೆಬ್ಬೆಟ್ಟನ್ನು ಅದೇ ದಿನ, ಅದೇ ಜಾಗದಲ್ಲಿ ಹಾಕಿಸಿ. ಮನೆಮನೆಗೆ ಪುಸ್ತಕ ಒಯ್ದು ಸಹಿ ಪಡೆಯುವ ಅಭ್ಯಾಸ ಬೇಡ.

ಹಂತ 2: ಎಲ್ಲೆಯನ್ನು ನಡೆದು ಗುರುತಿಸಿ

ಇಡೀ ಪ್ರಕ್ರಿಯೆಯಲ್ಲಿ ಅತಿ ಮುಖ್ಯವಾದ ಕೆಲಸ ಇದು. ಇದನ್ನು ಕಚೇರಿಯ ಮೇಜಿನ ಮೇಲೆ ಮಾಡಲಾಗದು. ಗ್ರಾಮಸಭೆಯು ಮೊದಲು ದಿನಾಂಕ ನಿಗದಿಪಡಿಸಿ ಅಕ್ಕಪಕ್ಕದ ಗ್ರಾಮಸಭೆಗಳಿಗೂ ಉಪವಿಭಾಗ ಮಟ್ಟದ ಸಮಿತಿಗೂ ಲಿಖಿತವಾಗಿ ತಿಳಿಸಬೇಕು. ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ಈ ಸಮಿತಿಯು ಅರಣ್ಯ ಮತ್ತು ಕಂದಾಯ ನಕ್ಷೆಗಳನ್ನೂ ಮತದಾರರ ಪಟ್ಟಿಯನ್ನೂ ಗ್ರಾಮಸಭೆಗೆ ಒದಗಿಸಬೇಕೆಂಬ ನಿಯಮವಿದೆ. ಕೇಳದಿದ್ದರೆ ಅವು ಸಾಮಾನ್ಯವಾಗಿ ಬರುವುದಿಲ್ಲ.

ನಂತರ ಹಿರಿಯರು, ಜೇನು ಕೊಯ್ಯುವವರು, ಸೊಪ್ಪು ಮತ್ತು ಗೆಣಸಿಗೆ ಹೋಗುವ ಹೆಂಗಸರು, ಜಿಪಿಎಸ್ ಬಳಸಬಲ್ಲ ಇಬ್ಬರು ಯುವಕರು ಅಥವಾ ಯುವತಿಯರು ಒಟ್ಟಾಗಿ ಎಲ್ಲೆಯ ಉದ್ದಕ್ಕೂ ನಡೆಯಿರಿ. ಸ್ಮಾರ್ಟ್‌ಫೋನಿನ ಜಿಪಿಎಸ್ ಈ ಕೆಲಸಕ್ಕೆ ಸಾಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕಾಡನ್ನು ಕುಲಗಳಿಗೆ ಸೇರಿದ ಯೆಲ್ಲೆಗಳಾಗಿ ಗುರುತಿಸುತ್ತಾರೆ. ಒಂದೊಂದು ಯೆಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳಿರುತ್ತವೆ. ಹಕ್ಕಿನ ಅರ್ಜಿಗೆ ಮೊದಲೇ ಈ ತಾಣಗಳನ್ನು ಸೋಲಿಗರೇ ನಡೆದು ನಕ್ಷೆಯಲ್ಲಿ ಮೂಡಿಸಿದ್ದರಿಂದ ಇಡೀ ಬೆಟ್ಟದೊಂದಿಗೆ ಅವರಿಗಿರುವ ಸಂಬಂಧವನ್ನು ಯಾರೂ ಅಲ್ಲಗಳೆಯಲಾಗದ ರೀತಿಯಲ್ಲಿ ತೋರಿಸಲು ಸಾಧ್ಯವಾಯಿತು. ನಿಮ್ಮ ಸಮುದಾಯದಲ್ಲಿ ಹೆಸರುಗಳು ಬೇರೆ ಇರಬಹುದು, ಕ್ರಮ ಬೇರೆ ಇರಬಹುದು. ಅವನ್ನು ನಿಮ್ಮ ಹೆಸರುಗಳಲ್ಲೇ ಬರೆಯಿರಿ.

ನಡೆಯುವಾಗ ಪ್ರತಿ ತಾಣದಲ್ಲೂ ನಿಂತು ನಾಲ್ಕು ವಿಷಯ ದಾಖಲಿಸಿ: ಜಾಗದ ಹೆಸರು, ಅಲ್ಲಿ ಏನು ನಡೆಯುತ್ತದೆ ಅಥವಾ ಏನು ಸಿಗುತ್ತದೆ, ಯಾವ ತಿಂಗಳಲ್ಲಿ, ಯಾರಿಗೆ. ಹಳೆಯ ಪೋಡಿನ ಒಲೆಗಲ್ಲುಗಳು, ಸಮಾಧಿಗಳು, ಕೈಯಿಂದ ತೋಡಿದ ನೀರಿನ ಗುಂಡಿ, ಹೆಜ್ಜೇನು ಪ್ರತಿವರ್ಷ ಕಟ್ಟುವ ಮರ ಇವೆಲ್ಲವೂ ಸಾಕ್ಷ್ಯಗಳೇ. ಹೆಂಗಸರ ಓಡಾಟದ ಜಾಗಗಳು ನಕ್ಷೆಯಿಂದ ಬಿಟ್ಟುಹೋಗುವುದು ಹೆಚ್ಚು, ಏಕೆಂದರೆ ನಕ್ಷೆ ಮಾಡುವವರು ಗಂಡಸರನ್ನೇ ಕೇಳುತ್ತಾರೆ. ಗೆಣಸು ಅಗೆಯುವ ಇಳಿಜಾರು, ಸೊಪ್ಪು ಸಿಗುವ ಹಳ್ಳದ ದಡ ಅವರಿಗೇ ಚೆನ್ನಾಗಿ ಗೊತ್ತು. ಅವರ ತಂಡ ಬೇರೆಯಾಗಿಯೇ ಒಮ್ಮೆ ನಡೆಯಲಿ.

ಪವಿತ್ರ ತಾಣಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲವು ಜಾಗಗಳ ನಿಖರ ಸ್ಥಾನವನ್ನು ಹೊರಗಿನವರಿಗೆ ಹೇಳಲು ಹಿರಿಯರಿಗೆ ಇಷ್ಟವಿರುವುದಿಲ್ಲ. ಆಗ ಹೆಸರನ್ನು ಮಾತ್ರ ಬರೆದು, ಸ್ಥಾನವನ್ನು ಗ್ರಾಮಸಭೆಯ ಪ್ರತಿಯಲ್ಲಷ್ಟೇ ಉಳಿಸಿಕೊಳ್ಳಿ. ನಕ್ಷೆ ಗ್ರಾಮಸಭೆಯ ಸ್ವತ್ತು. ಸಹಾಯ ಮಾಡಿದ ಸಂಸ್ಥೆಯದಲ್ಲ.

ಎಲ್ಲೆ ಇನ್ನೊಂದು ಹಾಡಿಯ ಎಲ್ಲೆಯೊಂದಿಗೆ ಸೇರಿಕೊಂಡರೆ ಗಾಬರಿಯಾಗಬೇಕಿಲ್ಲ. ಎರಡೂ ಊರುಗಳ ಅರಣ್ಯ ಹಕ್ಕು ಸಮಿತಿಗಳು ಜಂಟಿಯಾಗಿ ಕುಳಿತು, ಯಾವ ಭಾಗವನ್ನು ಹೇಗೆ ಹಂಚಿಕೊಂಡು ಬಳಸುತ್ತೇವೆ ಎಂಬುದನ್ನು ಬರೆದುಕೊಳ್ಳಬೇಕು. ಒಮ್ಮತವಾಗದಿದ್ದರೆ ಮಾತ್ರ ಅದು ಉಪವಿಭಾಗ ಸಮಿತಿಗೆ ಹೋಗುತ್ತದೆ. ಕಾಡಿನ ಮೇಲೆ ಕಾಗದದಲ್ಲಿ ನೇರ ಗೆರೆ ಎಳೆದು ಎರಡು ಊರುಗಳ ನಡುವೆ ಹಿಂದೆಂದೂ ಇರದಿದ್ದ ಜಗಳ ಹುಟ್ಟಿಸುವುದಕ್ಕಿಂತ, ಹಂಚಿಕೊಂಡು ಬಳಸುವ ಭಾಗವೆಂದು ಬರೆಯುವುದು ಸರಿ.

ಹಂತ 3: ನಮೂನೆ 'ಸಿ' ಭರ್ತಿ ಮಾಡಿ

ನಮೂನೆ 'ಎ' ವೈಯಕ್ತಿಕ ಹಕ್ಕಿಗೆ, 'ಬಿ' ಸಮುದಾಯದ ಬಳಕೆಯ ಹಕ್ಕುಗಳಿಗೆ, 'ಸಿ' ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕಿಗೆ. 'ಬಿ' ಮಾತ್ರ ಸಲ್ಲಿಸಿದವರಿಗೆ ಸಂಗ್ರಹಿಸುವ, ಮೇಯಿಸುವ, ಮೀನು ಹಿಡಿಯುವ ಹಕ್ಕು ಸಿಗಬಹುದು, ನಿರ್ವಹಣೆಯ ಹಕ್ಕು ಸಿಗುವುದಿಲ್ಲ. ಆದ್ದರಿಂದ ಎರಡನ್ನೂ ಸಲ್ಲಿಸಿ. ನಮೂನೆಗಳು ಉಚಿತ.

ನಮೂನೆ 'ಸಿ'ಯಲ್ಲಿ ಗ್ರಾಮಸಭೆಯ ಸದಸ್ಯರ ಪಟ್ಟಿ, ಗಡಿ ಹಂಚಿಕೊಳ್ಳುವ ಊರುಗಳು, ತಿಳಿದಿದ್ದರೆ ಅರಣ್ಯದ ಕಂಪಾರ್ಟ್‌ಮೆಂಟ್ ಸಂಖ್ಯೆ ಮತ್ತು ಸಾಕ್ಷ್ಯಗಳ ಪಟ್ಟಿ ಇರುತ್ತವೆ. ಜೊತೆಗೆ ನಕ್ಷೆ ಲಗತ್ತಿಸಬೇಕು. 13ನೇ ನಿಯಮದ ಪ್ರಕಾರ ಹಿರಿಯರ ಹೇಳಿಕೆಯನ್ನು ಬರೆದು ಸಹಿ ಮಾಡಿಸಿದ್ದೂ, ಗೆಜೆಟಿಯರ್ ಅಥವಾ ಇಲಾಖೆಯ ಹಳೆಯ ಕಾರ್ಯಯೋಜನೆಗಳಲ್ಲಿನ ಉಲ್ಲೇಖವೂ, ಭೌತಿಕ ಕುರುಹುಗಳೂ ಸಾಕ್ಷ್ಯವಾಗುತ್ತವೆ. ಉಪಗ್ರಹ ಚಿತ್ರ ಇಲ್ಲವೆಂದೋ ನಿರ್ದಿಷ್ಟ ದಾಖಲೆಯೊಂದು ಬೇಕೇ ಬೇಕೆಂದೋ ಯಾವ ಸಮಿತಿಯೂ ಪಟ್ಟು ಹಿಡಿಯುವಂತಿಲ್ಲ.

ಹಂತ 4: ಸ್ಥಳ ಪರಿಶೀಲನೆ ಮತ್ತು ಮೇಲಿನ ಸಮಿತಿಗಳು

ಪರಿಶೀಲನೆಯ ದಿನಾಂಕವನ್ನು ಅರಣ್ಯ ಮತ್ತು ಕಂದಾಯ ಇಲಾಖೆಗಳಿಗೆ ಮೊದಲೇ ತಿಳಿಸಿ, ನೋಟಿಸ್ ತಲುಪಿದ್ದಕ್ಕೆ ಸ್ವೀಕೃತಿ ಇಟ್ಟುಕೊಳ್ಳಿ. ಅಧಿಕಾರಿಗಳು ಹಾಜರಿದ್ದು ಮಹಜರಿಗೆ ಸಹಿ ಹಾಕಬೇಕು. ನೋಟಿಸ್ ತಲುಪಿಯೂ ಅವರು ಬಾರದೆ, ಗೈರುಹಾಜರಿಯ ಕಾರಣಕ್ಕೆ ಮುಂದೆ ಆಕ್ಷೇಪ ಎತ್ತಿದರೆ ಅರ್ಜಿ ಮರುಪರಿಶೀಲನೆಗೆ ಗ್ರಾಮಸಭೆಗೇ ಮರಳುತ್ತದೆ; ಆಗಲೂ ಅವರು ಬಾರದಿದ್ದರೆ ಆ ಪರಿಶೀಲನೆಯ ಬಗ್ಗೆ ಗ್ರಾಮಸಭೆಯ ತೀರ್ಮಾನವೇ ಅಂತಿಮ. ಒಂದು ಸ್ವೀಕೃತಿ ಚೀಟಿ ಇಲ್ಲದ ಕಾರಣಕ್ಕೆ ಕಡತ ವರ್ಷಗಟ್ಟಲೆ ನಿಲ್ಲಬಹುದು. ಅದನ್ನು ಜೋಪಾನ ಮಾಡಿ.

ಗ್ರಾಮಸಭೆಯ ನಿರ್ಣಯದೊಂದಿಗೆ ಅರ್ಜಿ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಗೆ ಹೋಗುತ್ತದೆ. ಜಿಲ್ಲಾ ಸಮಿತಿಯ ತೀರ್ಮಾನವೇ ಅಂತಿಮ. ತಿರಸ್ಕರಿಸುವುದಾದರೆ ಅಥವಾ ಬದಲಿಸುವುದಾದರೆ ಕಾರಣಗಳನ್ನು ಬರೆದು ತಿಳಿಸಬೇಕು. ಉಪವಿಭಾಗ ಸಮಿತಿಯ ತೀರ್ಮಾನದ ವಿರುದ್ಧ 60 ದಿನಗಳೊಳಗೆ ಜಿಲ್ಲಾ ಸಮಿತಿಗೆ ಮನವಿ ಸಲ್ಲಿಸಬಹುದು. ಬಾಯಿಮಾತಿನ "ಆಗುವುದಿಲ್ಲ" ಎಂಬುದನ್ನು ಉತ್ತರವೆಂದು ಸ್ವೀಕರಿಸಬೇಡಿ, ಹಿಂಬರಹ, ಅಂದರೆ ಲಿಖಿತ ಉತ್ತರ ಕೇಳಿ.

ಹಕ್ಕುಪತ್ರ ಬಂದಾಗ ಸಂಭ್ರಮದಲ್ಲಿ ಓದದೇ ಸಹಿ ಮಾಡುವುದು ಬೇಡ. ಅದರಲ್ಲಿ 3(1)(ಐ) ಪ್ರಕರಣದ ಉಲ್ಲೇಖ ಇದೆಯೇ, ಚಕ್ಕುಬಂದಿ ನಿಮ್ಮ ನಕ್ಷೆಗೆ ಹೊಂದುತ್ತದೆಯೇ, ಗ್ರಾಮಸಭೆಯ ಹೆಸರಿಗೆ ಇದೆಯೇ ನೋಡಿ. ಕಾಯ್ದೆ ಮತ್ತು ನಿಯಮಗಳಲ್ಲಿ ಇರುವುದನ್ನು ಬಿಟ್ಟು ಬೇರೆ ಷರತ್ತು ಈ ಹಕ್ಕಿಗೆ ಇಲ್ಲವೆಂದು ಹಕ್ಕುಪತ್ರದ ನಮೂನೆಯಲ್ಲೇ ಅಚ್ಚಾಗಿದೆ. ಹೆಚ್ಚುವರಿ ಷರತ್ತು ಸೇರಿಸಿದ್ದರೆ ಅಥವಾ ವಿಸ್ತೀರ್ಣ ಕಡಿಮೆಯಾಗಿದ್ದರೆ ತಡಮಾಡದೆ ತಿದ್ದುಪಡಿ ಕೋರಿ ಗ್ರಾಮಸಭೆಯ ನಿರ್ಣಯ ಕಳುಹಿಸಿ.

ಹಂತ 5: ನಿರ್ವಹಣಾ ಸಮಿತಿ ಮತ್ತು ಯೋಜನೆ

ನಿಜವಾದ ನಿರ್ವಹಣೆ ಇಲ್ಲಿಂದ ಆರಂಭವಾಗುತ್ತದೆ. 4(1)(ಇ) ನಿಯಮದಂತೆ ಗ್ರಾಮಸಭೆಯು ತನ್ನ ಸದಸ್ಯರಿಂದಲೇ ಸಂರಕ್ಷಣಾ ಸಮಿತಿಯೊಂದನ್ನು ರಚಿಸಬೇಕು. ಆ ಸಮಿತಿ ಸಂರಕ್ಷಣೆ ಮತ್ತು ನಿರ್ವಹಣಾ ಯೋಜನೆಯನ್ನು ತಯಾರಿಸಬೇಕು. ಸರಳ ಭಾಷೆಯಲ್ಲಿ, ಊರಿನವರಿಗೆ ಓದಿ ಹೇಳಿದರೆ ಅರ್ಥವಾಗುವಂತೆ ಬರೆದ ಹತ್ತು ಪುಟಗಳ ಯೋಜನೆ, ಸಲಹೆಗಾರರಿಂದ ಬರೆಸಿದ ನೂರು ಪುಟಗಳಿಗಿಂತ ಉತ್ತಮ. ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯ 2023ರಲ್ಲಿ ಇದಕ್ಕೆ ಮಾರ್ಗಸೂಚಿಗಳನ್ನು ಹೊರಡಿಸಿದೆ. ಅವನ್ನು ಕೈಪಿಡಿಯಾಗಿ ಬಳಸಿಕೊಳ್ಳಿ, ಆದರೆ ವಿಷಯ ನಿಮ್ಮ ಕಾಡಿನದಾಗಿರಲಿ.

ಯೋಜನೆಯ ತಿರುಳು ಕೊಯ್ಲಿನ ನಿಯಮಗಳು. ನೆಲ್ಲಿಯನ್ನೇ ತೆಗೆದುಕೊಳ್ಳಿ. ಕೊಂಬೆ ಕಡಿದು ಕಾಯಿ ಉದುರಿಸಬಾರದು. ಕಾಯಿ ಬಲಿಯುವ ಮೊದಲು ಯಾರೂ ಕೈ ಹಾಕಬಾರದು, ಆ ದಿನಾಂಕವನ್ನು ಪ್ರತಿವರ್ಷ ಸಭೆಯೇ ಗೊತ್ತುಮಾಡಬೇಕು. ಜಿಂಕೆ, ಕಡವೆಗಳಿಗೂ ಬೀಜಕ್ಕೂ ಒಂದು ಪಾಲು ಮರದಲ್ಲೇ ಬಿಡಬೇಕು. ಸೋಲಿಗರು ಉಪ್ಪಿಲು ಎಂದು ಕರೆಯುವ ಬಂದಳಿಕೆ ಎಂಬ ಪರಾವಲಂಬಿ ಸಸ್ಯ ಮರದ ಮೇಲೆ ಕಂಡರೆ ಕಾಯಿ ಕೊಯ್ಯಲು ಹತ್ತಿದವರೇ ಅದನ್ನು ಕತ್ತರಿಸಿ ಇಳಿಯಬೇಕು. ಹೆಜ್ಜೇನಿನ ವಿಷಯದಲ್ಲಿ, ತುಪ್ಪ ತುಂಬಿದ ಭಾಗವನ್ನು ಮಾತ್ರ ಕೊಯ್ದು ಮರಿಗಳಿರುವ ಭಾಗವನ್ನು ಬಿಡುವುದು, ಒಂದೇ ಮರದಲ್ಲಿ ಹಲವು ಹುಟ್ಟುಗಳಿದ್ದರೆ ಕೆಲವನ್ನು ಮುಟ್ಟದಿರುವುದು ಮುಂತಾದ ರೂಢಿಗಳು ಅನೇಕ ಕಡೆ ಈಗಾಗಲೇ ಇವೆ. ಬರೆಯದಿದ್ದರೆ ಅವು ಹಿರಿಯರೊಂದಿಗೆ ಹೋಗಿಬಿಡುತ್ತವೆ. ಬರೆದರೆ ಇಲಾಖೆಯ ಮುಂದೆಯೂ ನಿಲ್ಲುತ್ತವೆ. ಇವುಗಳ ಜೊತೆಗೆ ಯಾರೂ ಏನನ್ನೂ ತೆಗೆಯದ ಜಾಗಗಳನ್ನೂ ಹೆಸರಿಸಿ.

ಪ್ರತಿವರ್ಷ ಒಂದೇ ಜಾಗದಲ್ಲಿ, ಹಗ್ಗದಿಂದ ಗುರುತಿಸಿದ ಕೆಲವು ಚೌಕಗಳಲ್ಲಿ, ಎಷ್ಟು ನೆಲ್ಲಿ ಸಸಿಗಳು ಎದ್ದಿವೆ, ಎಷ್ಟು ಮರಕ್ಕೆ ಬಂದಳಿಕೆ ಹಿಡಿದಿದೆ, ಲಂಟಾನ ಕಳೆ ಎಲ್ಲಿಯವರೆಗೆ ಬಂದಿದೆ ಎಂದು ಎಣಿಸಿ ಬರೆಯಿರಿ. "ನಾವು ಕಾಡನ್ನು ಕಾಪಾಡುತ್ತೇವೆ" ಎಂಬ ಮಾತಿಗಿಂತ ಮೂರು ವರ್ಷಗಳ ಇಂತಹ ಲೆಕ್ಕಕ್ಕೆ ಸಭೆಗಳಲ್ಲಿ ತೂಕ ಹೆಚ್ಚು. ಸಸಿ ಕಡಿಮೆಯಾಗುತ್ತಿದ್ದರೆ ಕೊಯ್ಲು ಇಳಿಸಬೇಕಾಗುತ್ತದೆ, ಅದನ್ನು ಹೇಳುವ ಧೈರ್ಯವೂ ಸಮಿತಿಗಿರಬೇಕು. ಸಂರಕ್ಷಣೆ ಹಕ್ಕಿನ ಜೊತೆಗೇ ಬಂದ ಕರ್ತವ್ಯವೆಂದು ಕಾಯ್ದೆಯ 5ನೇ ಪ್ರಕರಣ ಹೇಳುತ್ತದೆ.

ಬೆಂಕಿಯ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಬೇಸಿಗೆಯ ಆರಂಭದಲ್ಲಿ ಒಣ ಎಲೆ, ಹುಲ್ಲುಗಳಿಗೆ ತಣ್ಣಗೆ ಹಚ್ಚುತ್ತಿದ್ದ ತರಗು ಬೆಂಕಿ ನಿಂತ ಮೇಲೆಯೇ ಲಂಟಾನ ಹಬ್ಬಿತು, ನೆಲ್ಲಿಗೆ ಬಂದಳಿಕೆ ಹೆಚ್ಚಿತು ಎಂಬುದು ಸೋಲಿಗರ ವಿವರಣೆ. ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯವೂ ಹೌದು. ಆದರೂ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು ವನ್ಯಜೀವಿ ಕಾಯ್ದೆಯ 30ನೇ ಪ್ರಕರಣದಡಿ ಅಪರಾಧ. ಸ್ವಂತ ನಿರ್ಧಾರದಿಂದ ಯಾರೂ ಬೆಂಕಿ ಹಚ್ಚಬಾರದು. ಸಣ್ಣ ತುಂಡು ಜಾಗದಲ್ಲಿ, ಇಲಾಖೆಯ ಲಿಖಿತ ಒಪ್ಪಿಗೆಯೊಂದಿಗೆ, ಹಿರಿಯರ ಮೇಲ್ವಿಚಾರಣೆಯಲ್ಲಿ ಪ್ರಯೋಗ ನಡೆಸಬೇಕೆಂಬ ಪ್ರಸ್ತಾವನೆಯನ್ನು ಯೋಜನೆಯಲ್ಲಿ ಸೇರಿಸಿ. ಒಪ್ಪಿಗೆ ಬರುವವರೆಗೆ ಲಂಟಾನವನ್ನು ಬೇರುಸಹಿತ ಕೀಳುವ ಕೆಲಸ ನಡೆಯಲಿ.

ಹಂತ 6: ಇಲಾಖೆಯ ಯೋಜನೆಯೊಂದಿಗೆ ಜೋಡಿಸಿ

ಗ್ರಾಮಸಭೆ ಅನುಮೋದಿಸಿದ ಯೋಜನೆಯನ್ನು ಇಲಾಖೆಯ ನಿರ್ವಹಣಾ ಯೋಜನೆಯೊಂದಿಗೆ, ಸಮಿತಿ ಅಗತ್ಯವೆಂದು ಕಂಡ ಮಾರ್ಪಾಡುಗಳೊಡನೆ, ಹೊಂದಿಸಬೇಕೆಂದು ನಿಯಮ ಹೇಳುತ್ತದೆ. ಹುಲಿ ಸಂರಕ್ಷಿತ ಪ್ರದೇಶಗಳಿಗೆ ಸಂಬಂಧಿಸಿದ ವನ್ಯಜೀವಿ ಕಾಯ್ದೆಯ 38ವಿ ಪ್ರಕರಣವೂ ಹುಲಿ ಸಂರಕ್ಷಣಾ ಯೋಜನೆ ತಯಾರಿಸುವಾಗ ಅಲ್ಲಿನ ಜನರ ಜೀವನೋಪಾಯವನ್ನು ಕಾಪಾಡಬೇಕೆನ್ನುತ್ತದೆ. ಇಲಾಖೆಯ ಯೋಜನೆಯ ಪ್ರತಿಯನ್ನು ಕೇಳಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ನಂತರ ವಲಯ ಅರಣ್ಯಾಧಿಕಾರಿಯೊಂದಿಗೆ ಕುಳಿತು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಗಸ್ತು, ಬೆಂಕಿ ಸಾಲು, ನೀರಿನ ಹೊಂಡ, ಕಳೆ ತೆಗೆಯುವುದು ಇವುಗಳಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯ ಇರುವುದಿಲ್ಲ. ಅವುಗಳಿಂದಲೇ ಜಂಟಿ ಕೆಲಸ ಆರಂಭಿಸಿ, ಕಠಿಣ ವಿಷಯಗಳನ್ನು ನಂತರ ತೆಗೆದುಕೊಳ್ಳಿ. ಹಾಡಿಯ ಯುವಕರನ್ನು ವಾಚರ್‌ಗಳಾಗಿ ದಿನಗೂಲಿಗೆ ತೆಗೆದುಕೊಳ್ಳುವುದು ಒಳ್ಳೆಯದೇ, ಆದರೆ ಅದು ನಿರ್ವಹಣೆಯಲ್ಲಿ ಪಾಲು ಕೊಟ್ಟಂತೆ ಆಗುವುದಿಲ್ಲ. ತೀರ್ಮಾನ ತೆಗೆದುಕೊಳ್ಳುವ ಜಾಗದಲ್ಲಿ ಗ್ರಾಮಸಭೆಯ ಪ್ರತಿನಿಧಿಗಳಿದ್ದಾರೆಯೇ ಎಂಬುದೇ ಅಳತೆ.

ಮಾರಾಟದ ವಿಷಯ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ನಂತರ ಬಿಳಿಗಿರಿರಂಗನ ಬೆಟ್ಟದಲ್ಲಿ ಮಾರಾಟಕ್ಕಾಗಿ ಕಿರು ಉತ್ಪನ್ನ ಸಂಗ್ರಹಿಸುವುದಕ್ಕೆ ತಡೆ ಬಿದ್ದು, ಬಹಳಷ್ಟು ಕುಟುಂಬಗಳ ಆದಾಯ ನಿಂತಿತ್ತು. ಅರಣ್ಯ ಹಕ್ಕು ಕಾಯ್ದೆ ಸಂಗ್ರಹಿಸುವ, ಬಳಸುವ ಮತ್ತು ಮಾರುವ ಹಕ್ಕನ್ನು ಒಟ್ಟಿಗೇ ಕೊಟ್ಟಿದೆ. ಸಾಗಣೆಯ ರಹದಾರಿಯನ್ನು ಗ್ರಾಮಸಭೆಯ ಸಮಿತಿಯೇ ನೀಡಬೇಕು. ಮಹಾರಾಷ್ಟ್ರದ ಗಡಚಿರೋಲಿಯ ಮೆಂಢಾ ಲೇಖಾ ಗ್ರಾಮಸಭೆ 2011ರಲ್ಲಿ ಬಿದಿರಿನ ವಿಷಯದಲ್ಲಿ ಈ ಅಧಿಕಾರ ಪಡೆದುಕೊಂಡಿತು. ರಹದಾರಿ ಪುಸ್ತಕದ ಪ್ರತಿ ಹಾಳೆಗೂ ಕ್ರಮಸಂಖ್ಯೆ ಇರಲಿ. ಯಾರು, ಏನು, ಎಷ್ಟು, ಯಾವ ದಾರಿಯಲ್ಲಿ ಎಂಬುದು ಎರಡು ಪ್ರತಿಗಳಲ್ಲಿ ಬರೆದಿರಲಿ. ಬುಡಕಟ್ಟು ಜನರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಮಾರುವುದಾದರೂ ತೂಕವನ್ನು ಊರಿನಲ್ಲೇ ಮೊದಲು ಹಾಕಿ ಪುಸ್ತಕದಲ್ಲಿ ಬರೆದುಕೊಳ್ಳಿ. ಬಂದ ಹಣದ ಬಳಕೆಗೂ ಗ್ರಾಮಸಭೆಯ ಅನುಮೋದನೆ ಬೇಕು.

ಸ್ಥಳಾಂತರದ ಪ್ರಸ್ತಾಪ ಬಂದರೆ

ಹಕ್ಕುಗಳ ಮಾನ್ಯತೆ ಮತ್ತು ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ ಎಂದು ಕಾಯ್ದೆಯ 4(5) ಪ್ರಕರಣ ಹೇಳುತ್ತದೆ. ಆಮೇಲೆಯೂ ಗ್ರಾಮಸಭೆಯ ಸ್ವತಂತ್ರವಾದ, ವಿಷಯ ತಿಳಿದು ಕೊಟ್ಟ, ಲಿಖಿತ ಒಪ್ಪಿಗೆ ಬೇಕು. ಸ್ಥಳಾಂತರಕ್ಕೆ ಸಂಬಂಧಿಸಿದ ಯಾವ ಕಾಗದಕ್ಕೂ ಮನೆಯಲ್ಲಿ ಒಬ್ಬೊಬ್ಬರಾಗಿ ಸಹಿ ಮಾಡಬೇಡಿ. ಅದು ಗ್ರಾಮಸಭೆಗೆ ಬರಲಿ, ಕನ್ನಡದಲ್ಲಿ ಪೂರ್ತಿ ಓದಿ ಹೇಳಲಿ.

ವರ್ಷದ ಸಭೆ

ಯೋಜನೆಯನ್ನು ಬದಲಿಸುವ ಅಧಿಕಾರ ಗ್ರಾಮಸಭೆಗೆ ಮಾತ್ರ ಇರುವುದರಿಂದ ವರ್ಷಕ್ಕೆ ಎರಡು ಸಭೆಗಳನ್ನು ಇದಕ್ಕಾಗಿಯೇ ಮೀಸಲಿಡಿ: ಒಂದು ನೆಲ್ಲಿ ಕೊಯ್ಲಿಗೆ ಮೊದಲು, ಇನ್ನೊಂದು ಬೇಸಿಗೆಯ ಜೇನು ಕಾಲಕ್ಕೆ ಮೊದಲು. ಮೊದಲ ಸಭೆಯಲ್ಲಿ ಕೊಯ್ಲಿನ ದಿನಾಂಕ ಮತ್ತು ಸಸಿಗಳ ಲೆಕ್ಕ, ಎರಡನೆಯದರಲ್ಲಿ ಹಣದ ಲೆಕ್ಕ ಮತ್ತು ಬೆಂಕಿ ಕಾವಲಿನ ಸರದಿ ಇರಲಿ. ನಡಾವಳಿಯ ಒಂದು ಪ್ರತಿಯನ್ನು ವಲಯ ಅರಣ್ಯಾಧಿಕಾರಿಯ ಕಚೇರಿಗೂ, ಒಂದು ಪ್ರತಿಯನ್ನು ಉಪವಿಭಾಗ ಸಮಿತಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಮೂಲ ಪುಸ್ತಕ ಮಾತ್ರ ಹಾಡಿಯನ್ನು ಬಿಟ್ಟು ಹೊರಗೆ ಹೋಗಬಾರದು.